ನಮ್ಮಪ್ಪನಿಗೆ ರೇಂಜ್ ಇಲ್ಲದ ವರ್ಷ

ಚಾಮರಾಜನಗರದ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತೇನೆ. ನಮ್ಮ ಬಂಧುಬಳಗದಲ್ಲಿ ಇದಕ್ಕೆ ಒಂದೇ ಅರ್ಥ: ಇವಳಿಗೆ ಮೊಬೈಲ್ ರಿಪೇರಿ ಬರುತ್ತದೆ. ನಾಮಕರಣವಿರಲಿ, ಗೃಹಪ್ರವೇಶವಿರಲಿ, ನಾನು ಎಲೆಯ ಮುಂದೆ ಕೂರುವ ಮೊದಲೇ ಯಾರಾದರೊಬ್ಬರು ಫೋನು ಹಿಡಿದುಕೊಂಡು ಬಂದುಬಿಡುತ್ತಾರೆ. ಒಮ್ಮೆ ಹರವೆ ಕಡೆಯ ನೆಂಟರೊಬ್ಬರ ಶಿವಗಣಾರಾಧನೆಗೆ ಹೋಗಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಮುಖವನ್ನು ಸಾಧ್ಯವಾದಷ್ಟು ದುಃಖದಲ್ಲಿಟ್ಟುಕೊಂಡು ಕೂತಿದ್ದೆ. ತೀರಿಕೊಂಡವರ ಹೆಂಡತಿಯೇ ಕಣ್ಣೊರೆಸಿಕೊಳ್ಳುತ್ತಾ ಬಂದು, "ಯಜಮಾನ್ರ ಫೋನ್ಲಿ ನೆಟ್ ಬತ್ತಿಲ್ಲ ಕಣಮ್ಮಿ, ವಸಿ ನೋಡು" ಎಂದರು. ಯಜಮಾನರೇ ಹೋದ ಮೇಲೆ ನೆಟ್ ಯಾರಿಗೆ ಎಂದು ಕೇಳಿಬಿಡುವ ಬಾಯಿ ನನ್ನದು. ಅವತ್ತು ಕಷ್ಟಪಟ್ಟು ಮುಚ್ಚಿಕೊಂಡೆ.

ನಮ್ಮ ಸೀಮೆಯಲ್ಲಿ ಫೋನಿಗೆ ಬರುವ ಕಾಯಿಲೆಗಳು ಮೂರು. ಟವರ್ ಇಲ್ಲ, ನೆಟ್ ಇಲ್ಲ, ಕರೆನ್ಸಿ ಇಲ್ಲ. ಟವರ್ ಇಲ್ಲ ಎಂದರೆ ಕಂಬ ಬಿದ್ದುಹೋಗಿದೆ ಎಂದಲ್ಲ, ಕಂಬದಿಂದ ಹೊರಟ ಅಲೆಗಳು ನಿಮ್ಮ ಫೋನಿನ ತನಕ ಗಟ್ಟಿಯಾಗಿ ಬರುತ್ತಿಲ್ಲ ಎಂದು. ನೆಟ್ ಇಲ್ಲ ಎಂದರೆ ಅಲೆ ಬರುತ್ತಿದೆ, ಮಾತೂ ಆಡಬಹುದು, ಆದರೆ ಫೋಟೋ, ವಿಡಿಯೋ, ಮೆಸೇಜು ಹೊತ್ತು ತರಬೇಕಾದ ಡೇಟಾ ಹರಿಯುತ್ತಿಲ್ಲ ಎಂದು. ಕರೆನ್ಸಿ ಇಲ್ಲ ಎಂದರೆ ಮೇಲಿನ ಎರಡೂ ಸರಿಯಾಗಿವೆ, ನೀವು ರೀಚಾರ್ಜ್ ಮಾಡಿಸಿಲ್ಲ ಎಂದು. ಇವು ಬೇರೆ ಬೇರೆ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ನಮ್ಮವರ ಮದ್ದು ಮಾತ್ರ ಮೂರಕ್ಕೂ ಒಂದೇ. ಫೋನನ್ನು ಆಫ್ ಮಾಡಿ ಆನ್ ಮಾಡುವುದು, ಅದಕ್ಕೂ ಬಗ್ಗದಿದ್ದರೆ ಅಂಗೈಗೆ ನಾಲ್ಕು ಬಡಿಯುವುದು.

ಹೋದ ವರ್ಷ ಯಾವುದೋ ಸಂಸ್ಥೆಯವರು ಗುಂಡ್ಲುಪೇಟೆಯ ವ್ಯಾಪಾರಿಗಳಿಗೆ ಮೊಬೈಲ್ ತಿಳಿವಳಿಕೆಯ ಶಿಬಿರ ಇಟ್ಟುಕೊಂಡು, ಈ ಪದಗಳನ್ನೆಲ್ಲ ಸರಳ ಕನ್ನಡದಲ್ಲಿ ವಿವರಿಸಿ ಎಂದು ನನ್ನನ್ನು ಕರೆದರು. ಸರಳ ಕನ್ನಡ ಯಾವುದು ಎಂದು ತೀರ್ಮಾನಿಸಲು ಅವರಲ್ಲಿ ಒಬ್ಬ ಪಂಡಿತರಿದ್ದರು. ನಾನು ಟವರ್ ಎಂದು ಬರೆದುಕೊಟ್ಟದ್ದನ್ನು ಅವರು ‘ಸಂಕೇತ ಪ್ರಸಾರ ಗೋಪುರ’ ಮಾಡಿದರು. ಹಾಟ್‌ಸ್ಪಾಟ್, ಅಂದರೆ ನಿಮ್ಮ ಫೋನಿನ ನೆಟ್ಟನ್ನು ಪಕ್ಕದವರಿಗೂ ಹಂಚುವುದು, ‘ತಪ್ತಬಿಂದು’ವಾಯಿತು. ಊರು ಬಿಟ್ಟು ಹೋದಾಗ ಪರವೂರಿನ ಟವರನ್ನು ಆಶ್ರಯಿಸುವ ರೋಮಿಂಗ್ ‘ಸಂಚಾರೀ ಭಾವ’ ಆಗುವುದರಲ್ಲಿತ್ತು, ನಾನು ಕೈಮುಗಿದು ತಪ್ಪಿಸಿದೆ. ಹಾಳೆಯನ್ನು ನಾನು ಬ್ಯಾಗಿನಲ್ಲಿಟ್ಟುಕೊಂಡವಳು ಹೊರಗೆ ತೆಗೆಯಲೇ ಇಲ್ಲ.

ಶಿಬಿರ ನಡೆದದ್ದು ನಮ್ಮಪ್ಪನ ತರಕಾರಿ ಮಂಡಿಯಲ್ಲೇ. ಅಪ್ಪನ ಮೂಲ ಊರು ಉಡಿಗಾಲ. ಅವರಪ್ಪನ ಕಾಲದಲ್ಲೇ ವ್ಯಾಪಾರಕ್ಕೆಂದು ಗುಂಡ್ಲುಪೇಟೆಗೆ ಬಂದು, ಇಲ್ಲಿಂದ ಕೇರಳಕ್ಕೆ ತರಕಾರಿ ತುಂಬಿಸಿ ಬೆಳೆದ ಮನೆತನ. ಈರುಳ್ಳಿ ಮೂಟೆಗಳ ಮೇಲೆ ಕೂತ ಸಭಿಕರೆಲ್ಲ ಅಪ್ಪನ ಜೊತೆಗಾರರೇ. ಅಪ್ಪ ಮುಂದುಗಡೆ ಕುರ್ಚಿ ಹಾಕಿಸಿಕೊಂಡು, ಬಿಳಿ ಶರಟಿನ ಜೇಬಿನಲ್ಲಿ ಫೋನು ಎದ್ದು ಕಾಣುವಂತೆ ಇಟ್ಟುಕೊಂಡು, ನಾನು ಬಾಯಿ ಬಿಡುವ ಮೊದಲೇ ತಲೆಯಾಡಿಸುತ್ತಿದ್ದರು.

"ನೀವು ಕಳಿಸುವ ಫೋಟೋ ಇಡಿಯಾಗಿ ಹೋಗುವುದಿಲ್ಲ, ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಒಡೆದುಕೊಂಡು ಹೋಗುತ್ತದೆ" ಎಂದೆ. ಪ್ಯಾಕೆಟ್ ಎಂದ ತಕ್ಷಣ ಸಭೆಗೆ ಜೀವ ಬಂತು. ಸಾರಾಯಿಯ ಕಾಲದಿಂದಲೂ ಆ ಪದಕ್ಕೆ ನಮ್ಮಲ್ಲಿ ಒಂದು ಮರ್ಯಾದೆಯಿದೆ. ಕೆಲವು ಪ್ಯಾಕೆಟ್ಟುಗಳು ದಾರಿಯಲ್ಲೇ ಕಳೆದುಹೋಗುತ್ತವೆ, ಅದಕ್ಕೆ ಪ್ಯಾಕೆಟ್ ಲಾಸ್ ಎನ್ನುತ್ತಾರೆ ಎಂದು ಮುಂದುವರಿಸಿದೆ.

"ಕಳ್ದೋಗದೆಲ್ಲಿ ಬಂತವ್ವ, ತಕ್ಕೊಂಡೋದವ್ನೇ ಕುಡ್ದಿರ್ತಾನ" ಎಂದು ಹಿಂದಿನಿಂದ ಒಬ್ಬರು ಕೂಗಿದರು.

ಹಾಗೆ ಕಳೆದುಹೋದದ್ದನ್ನು ಮತ್ತೆ ಕಳಿಸುವ ಏರ್ಪಾಡೂ ಇದೆ ಎಂದಾಗ ಚಪ್ಪಾಳೆ ಬಿತ್ತು. ಇಂಟರ್ನೆಟ್ಟಿನ ಬಗ್ಗೆ ನಮ್ಮ ತಾಲ್ಲೂಕಿನವರಿಗೆ ಅಷ್ಟು ಗೌರವ ಹುಟ್ಟಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಬ್ಯಾಂಡ್‌ವಿಡ್ತ್ ಎಂದರೆ ರಸ್ತೆಯ ಅಗಲ, ಒಂದೇ ಸಲಕ್ಕೆ ಎಷ್ಟು ಲಾರಿ ಸಾಗಬಹುದು ಎಂಬ ಲೆಕ್ಕ. ಲೇಟೆನ್ಸಿ ಎಂದರೆ ಹೊರಟ ಒಂದು ಲಾರಿ ಮುಟ್ಟಿ, ಮುಟ್ಟಿತು ಎಂಬ ಸುದ್ದಿ ವಾಪಸು ಬರಲು ಹಿಡಿಯುವ ಹೊತ್ತು. ರಸ್ತೆ ಎಷ್ಟೇ ಅಗಲವಾಗಿದ್ದರೂ ಕಾಡಿನ ಚೆಕ್‌ಪೋಸ್ಟಿನಲ್ಲಿ ಗೇಟು ಹಾಕಿದ್ದರೆ ಹೂಕೋಸು ಬಾಡುತ್ತದೆ ಎಂದೆ. ಇದು ಅವರಿಗೆ ಥಟ್ಟನೆ ಹಿಡಿಯಿತು. ರಾತ್ರಿ ಕಾಡಿನ ರಸ್ತೆ ಮುಚ್ಚುವ ಸರ್ಕಾರದ ಮೇಲಿನ ಸಿಟ್ಟನ್ನೆಲ್ಲ ಲೇಟೆನ್ಸಿಯ ಮೇಲೆ ತೀರಿಸಿಕೊಂಡರು. ಇನ್ನು ಬಸ್ಸಿನಲ್ಲಿ ಮಾತಾಡುತ್ತಾ ಹೋಗುವಾಗ ಒಂದು ಟವರು ನಿಮ್ಮ ಕರೆಯನ್ನು ಮುಂದಿನ ಟವರಿಗೆ ಒಪ್ಪಿಸುತ್ತದೆ, ಅದು ಹ್ಯಾಂಡೋವರ್. ಇದಕ್ಕೆ ನಾನು ವರ್ಗವಾದ ಅಧಿಕಾರಿಗಳ ಉದಾಹರಣೆ ಕೊಟ್ಟೆ. ಹಳಬರು ಚಾರ್ಜು ಬಿಟ್ಟಾಗಿದೆ, ಹೊಸಬರು ಇನ್ನೂ ವಹಿಸಿಕೊಂಡಿಲ್ಲ, ನಡುವೆ ನಿಮ್ಮ ಅರ್ಜಿ ಬಿದ್ದುಹೋಗುತ್ತದಲ್ಲ, ಅದೇ ಕಾಲ್ ಡ್ರಾಪ್. ಸಂಸ್ಥೆಯವರು ಗಡಿಯಾರ ನೋಡಿಕೊಂಡರು.

ಕೊನೆಗೆ ಅಪ್ಪ ಎದ್ದು ನಿಂತು, ಎಲ್ಲರ ಪರವಾಗಿ ಎಂಬಂತೆ ಕೇಳಿದರು: "ಎಲ್ಲಾ ಸರಿ ಕಣಮ್ಮಿ. ಟವರು ಅಲ್ಲೇ ಪಕ್ಕದಲ್ಲೇ ಅದ, ಆದ್ರೂ ನಮ್ ಮಂಡಿ ಒಳಗ ಕರಕರ ಅಂತದಲ್ಲ, ಅದ್ಯಾಕ?"

"ನಿಮ್ಮ ಗೋಡೆ ದಪ್ಪ ಅಪ್ಪ. ಹಳೇ ಕಾಲದ ಮಣ್ಣಿನ ಗೋಡೆ, ಅಲೆಗಳು ದಾಟಿ ಒಳಗೆ ಬರಲು ಕಷ್ಟ. ಮಾತಾಡುವಾಗ ಜಗಲಿಗೆ ಬನ್ನಿ."

"ನಮ್ಮಪ್ಪ ಕಟ್ಸಿದ್ ಗೋಡೆ ಅದು. ಅದ್ಕಾಗಿ ನಾನ್ಯಾಕ ಈಚೆಗ್ ಬರ್ಲಿ? ಬೇಕಾದ್ರ ಟವರ್ರೇ ಒಳಕ್ ಬರ್ಲಿ ಬುಡು."

ಅಪ್ಪನನ್ನು ಅರ್ಥ ಮಾಡಿಕೊಳ್ಳಲು ಇಷ್ಟು ಸಾಕು.

ಈಗ ಚೇಟನ ವಿಷಯ. ಚೇಟ ಎಂದರೆ ಮಲಯಾಳದಲ್ಲಿ ಅಣ್ಣ. ಗುಂಡ್ಲುಪೇಟೆಯಲ್ಲಿ ಮಲಯಾಳಿ ಗಂಡಸರೆಲ್ಲರೂ ಚೇಟಂದಿರೇ, ಆದರೆ ನಮ್ಮ ಮನೆಯಲ್ಲಿ ಚೇಟ ಎಂದರೆ ಒಬ್ಬರೇ. ಅವರು ಕಾಡಿನಾಚೆಯ, ಕೇರಳದ ಬತ್ತೇರಿಯವರು. ನಾನು ಹುಟ್ಟುವ ಮೊದಲಿನಿಂದ ಅಪ್ಪನ ಮಂಡಿಯಿಂದ ತಮ್ಮ ಲಾರಿಯಲ್ಲಿ ತರಕಾರಿ ಕೊಂಡೊಯ್ಯುತ್ತಿದ್ದವರು. ಅಮ್ಮನಿಗೆ ನನ್ನ ಹೆರಿಗೆ ನೋವು ಕಾಣಿಸಿಕೊಂಡ ದಿನ ಬೇರೆ ಗಾಡಿ ಸಿಗದೆ, ಅರ್ಧ ತುಂಬಿದ್ದ ಲೋಡನ್ನು ಇಳಿಸಿ, ಅಮ್ಮನನ್ನು ಲಾರಿಯ ಮುಂದುಗಡೆ ಕೂರಿಸಿಕೊಂಡು ಮೈಸೂರಿಗೆ ಓಡಿಸಿದವರು ಅವರೇ. ಆ ಕಾರಣಕ್ಕೆ ಅಮ್ಮ ನನ್ನನ್ನು ಬಯ್ಯುವಾಗ ಇವತ್ತಿಗೂ "ಲಾರೀಲಿ ಬಂದೋಳೇ" ಎನ್ನುತ್ತಾಳೆ.

ವಯಸ್ಸಾಗಿ ಚೇಟ ಲಾರಿಯ ಜೊತೆ ಬರುವುದು ಬಿಟ್ಟ ಮೇಲೆ ಇಬ್ಬರ ಸ್ನೇಹವೆಲ್ಲ ಫೋನಿನಲ್ಲೇ ನಡೆಯುತ್ತಿತ್ತು. ಅಪ್ಪ ಕನ್ನಡದಲ್ಲಿ ಕೂಗುವುದು, ಅವರು ಮಲಯಾಳ ಬೆರೆಸಿದ ಕನ್ನಡದಲ್ಲಿ ಕೂಗುವುದು. ಬತ್ತೇರಿಗೆ ಫೋನಿಲ್ಲದೆಯೇ ಕೇಳಿಸಬೇಕು, ಹಾಗೆ. ಮಂಡಿಯ ವಿಷಯ ಮುಗಿದರೆ ಚೇಟನ ಮಂಡಿನೋವಿನ ವಿಷಯ, ಅದು ಮುಗಿದರೆ ಮಳೆ, ಅದೂ ಮುಗಿದರೆ ಸುಮ್ಮನೆ "ಮತ್ತೇನ್ ಚೇಟಾ", "ಮತ್ತೇನ್ ಸಾವ್ಕಾರೇ". ಇಷ್ಟು ಕಡಿಮೆ ವಿಷಯವನ್ನು ಇಷ್ಟು ಹೊತ್ತು ಸಾಗಿಸಿದ ಜೋಡಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಶಿಬಿರವಾದ ಕೆಲವು ದಿನಕ್ಕೆ ನನ್ನ ತಂಗಿಗೆ ಮೈಸೂರಿನಿಂದ ಒಂದು ಸಂಬಂಧ ಬಂತು. ಹುಡುಗನದು ಸರ್ಕಾರಿ ಕೆಲಸ, ಅವರಪ್ಪ ನಿವೃತ್ತ ಅಧಿಕಾರಿ, ಮನೆ ಮುಂದೆ ಎರಡು ಕಾರು. ಅಪ್ಪನಿಗೆ ಆಸೆ ಎಷ್ಟಿತ್ತೋ ಅಳುಕೂ ಅಷ್ಟೇ ಇತ್ತು. ಇಂಥ ಹೊತ್ತಿನಲ್ಲಿ ಅವರು ಕೇಳುತ್ತಿದ್ದುದು ಚೇಟನನ್ನೇ. ಮಂಡಿಯ ಒಳಗೆ, ಅದೇ ಮಣ್ಣಿನ ಗೋಡೆಗಳ ನಡುವೆ ಕೂತು, ನಾಲ್ಕು ಜನ ಜೊತೆಗಾರರ ಮುಂದೆ ಸ್ಪೀಕರ್ ಹಾಕಿ ಫೋನು ಮಾಡಿದರಂತೆ.

"ದೊಡ್ಡೋರ ಮನೆ ಚೇಟಾ. ಎಣ್ಣು ಕೊಡನಾ ಬ್ಯಾಡ್ವಾ? ನೀವೇನಂತೀರಿ?"

ಆ ಕಡೆಯಿಂದ ಸ್ವಲ್ಪ ಹೊತ್ತು ಕರಕರ. ಆಮೇಲೆ ಎಲ್ಲರಿಗೂ ಕೇಳುವಷ್ಟು ಸ್ಪಷ್ಟವಾಗಿ ಚೇಟನ ದನಿ: "ನಿಂಗಳ್ಕ್ ರೇಂಜ್ ಇಲ್ಲ ಸಾವ್ಕಾರೇ. ರೇಂಜ್ ಇಲ್ಲ, ರೇಂಜ್ ಇಲ್ಲ." ಅಷ್ಟಕ್ಕೆ ಕರೆ ಕಟ್ಟಾಯಿತು.

ಗುಂಡ್ಲುಪೇಟೆಯಲ್ಲಿ ರೇಂಜ್ ಎಂಬ ಪದಕ್ಕೆ ಎರಡೇ ಅರ್ಥ. ಒಂದು ಕಾಡಿನ ರೇಂಜ್, ಅದರ ಆಫೀಸು, ಅದರ ಸಾಹೇಬರು. ಇನ್ನೊಂದು ಮನುಷ್ಯರ ರೇಂಜ್. ‘ಅವರ ರೇಂಜೇ ಬೇರೆ’ ಎಂದರೆ ಅವರ ಅಂತಸ್ತು, ತಾಕತ್ತು ನಮ್ಮ ಕೈಗೆ ಸಿಗುವಂಥದ್ದಲ್ಲ ಎಂದು. ಹೆಣ್ಣು ಕೊಡುವ ಮಾತಿಗೂ ಕಾಡಿಗೂ ಸಂಬಂಧವಿಲ್ಲದ್ದರಿಂದ ಉಳಿದದ್ದು ಎರಡನೆಯ ಅರ್ಥ. ನಿಮಗೆ ಅಷ್ಟು ಯೋಗ್ಯತೆಯಿಲ್ಲ ಸಾವ್ಕಾರೇ. ಅದೂ ನಾಲ್ಕು ಜನರ ಮುಂದೆ, ಒಂದಲ್ಲ ಮೂರು ಸಲ. ‘ಇಲ್ಲ’ ಎಂಬುದು ಮಲಯಾಳದಲ್ಲೂ ಕನ್ನಡದಲ್ಲೂ ಒಂದೇ, ಅಲ್ಲಿ ಸಂಶಯಕ್ಕೆ ಜಾಗವೇ ಇರಲಿಲ್ಲ.

ಅಂದು ಸಂಜೆ ನಾನು ಬಸ್ಸಿಳಿದು ಮನೆಗೆ ಬಂದಾಗ ಅಪ್ಪ ತಿಂಡಿ ಮುಟ್ಟದೆ ಕೂತಿದ್ದರು. ಫೋನನ್ನು ನನ್ನ ಕಡೆ ನೂಕಿ, "ಆ ನಂಬರ್ ಇನ್ಮ್ಯಾಕ ನನ್ ಫೋನ್ಗ ಬರ್ಕೂಡ್ದು. ಬಂದ್ ಮಾಡ್ಬುಡು" ಎಂದರು. ನಡೆದದ್ದು ಕೇಳಿ ನನಗೂ ಮೈಯೆಲ್ಲ ಉರಿಯಿತು. ಲಾರಿಯಲ್ಲಿ ಬಂದವಳು ಎಂಬ ಋಣವನ್ನೂ ಮರೆತು ಚೇಟನನ್ನು ಬ್ಲಾಕ್ ಮಾಡಿದೆ. ಒಂದು ಬೆರಳು, ಒಂದು ಒತ್ತು.

ಆ ಸಂಬಂಧವನ್ನು ಅಪ್ಪ ಮಾಡಿಯೇ ತೀರಿದರು. ಹುಡುಗ ಒಳ್ಳೆಯವನೆಂದಲ್ಲ, ಅದು ಆಮೇಲೆ ಅದೃಷ್ಟಕ್ಕೆ ಗೊತ್ತಾಯಿತು. ರೇಂಜ್ ತೋರಿಸಬೇಕಿತ್ತು. ಹುಡುಗನ ಇಲಾಖಾ ಪರೀಕ್ಷೆ ಮುಗಿಯಲೆಂದು ಮದುವೆಯನ್ನು ಮುಂದಿನ ವರ್ಷದ ಶ್ರಾವಣಕ್ಕೆ ಇಟ್ಟುಕೊಂಡರು, ರೇಂಜ್ ಬೆಳೆಸಲು ಒಂದು ವರ್ಷ ಸಿಕ್ಕಿತು. ಛತ್ರ ಬದಲಾಯಿತು. ಊಟದ ಎಲೆಗೆ ಹೆಸರೇ ಹೇಳಲಾಗದ ಎರಡು ಸಿಹಿ ಸೇರಿಕೊಂಡವು. ವಾಲಗದ ಜೊತೆಗೆ ಆಕಾಶದಲ್ಲಿ ಹಾರುವ ಕ್ಯಾಮೆರಾ ಬಂತು. ಆಹ್ವಾನಪತ್ರಿಕೆಯಂತೂ ಎಷ್ಟು ದಪ್ಪವಾಯಿತೆಂದರೆ ಅಮ್ಮ ಅದನ್ನು ಹಾಲಿನ ಪಾತ್ರೆಗೆ ಮುಚ್ಚಳ ಮಾಡಿಕೊಂಡಳು. ಯಾರು ಏನು ಕೇಳಿದರೂ ಅಪ್ಪನದು ಒಂದೇ ಉತ್ತರ: "ಮಾಡ್ಬುಡು, ರೇಂಜ್ಗ್ ತಕ್ಕಂಗಿರ್ಲಿ."

ಚೇಟನ ಲಾರಿ ಮಾತ್ರ ಎಂದಿನಂತೆ ಬರುತ್ತಿತ್ತು. ವ್ಯಾಪಾರವನ್ನು ಅವರ ಅಳಿಯ ನೋಡಿಕೊಳ್ಳುತ್ತಿದ್ದ, ಅವನ ಜೊತೆ ಅಪ್ಪನ ಗುಮಾಸ್ತರದ್ದೇ ಮಾತು. ಡ್ರೈವರು ಪ್ರತಿ ಸಲವೂ "ಮೊದಲಾಳಿ ಕೇಳಿದ್ರು ಸಾವ್ಕಾರೇ, ಯಾಕೆ ಫೋನ್ ಇಲ್ಲ ಅಂತ" ಎನ್ನುತ್ತಿದ್ದ. ಮೊದಲಾಳಿ ಎಂದರೆ ಯಜಮಾನ, ಅಂದರೆ ಚೇಟ. ಅಪ್ಪ ಇಷ್ಟಗಲ ಮುಖ ಮಾಡಿಕೊಂಡು, ಪ್ರತಿಯೊಂದು ಅಕ್ಷರಕ್ಕೂ ಖಾರ ಹಚ್ಚಿ ಹೇಳಿ ಕಳಿಸುತ್ತಿದ್ದರು: "ನಿಮ್ ಮೊದಲಾಳಿಗ್ ಏಳು. ನಂಗ ರೇಂಜ್ ಇಲ್ಲ ಅಂತ ಏಳು."

ಡ್ರೈವರು ತಲೆಯಾಡಿಸಿ ಹೋಗುತ್ತಿದ್ದ. ಅಪ್ಪ ಆವತ್ತೆಲ್ಲ ಗೆದ್ದವರಂತೆ ಓಡಾಡುತ್ತಿದ್ದರು. ಆದರೆ ಸಂಜೆಯಾದರೆ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದು ಮಾತ್ರ ಬಿಡಲಿಲ್ಲ. ಮೊದಲೆಲ್ಲ ಚೇಟನ ಜೊತೆ ಕೂಗಾಡುತ್ತಿದ್ದ ಹೊತ್ತು ಅದು. ಟಿವಿ ಹಾಕಿದರೆ ಆರಿಸುತ್ತಿದ್ದರು. ಅಮ್ಮ ಮಾತಿಗೆ ಬಂದರೆ ಸಿಡುಕುತ್ತಿದ್ದರು. ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು, ಮರುಗಳಿಗೆ ಚೇಟನ ಮೇಲೆ ಸಿಟ್ಟು ಇಮ್ಮಡಿಯಾಗುತ್ತಿತ್ತು.

ಮದುವೆ ಹತ್ತಿರವಾಗಿ ಕಾರ್ಡು ಹಂಚುವ ಕೆಲಸ ಶುರುವಾದಾಗ ಅಮ್ಮ ಪಟ್ಟು ಹಿಡಿದಳು. "ಬತ್ತೇರಿಗ್ ಒಂದ್ ಕಾರ್ಡ್ ಓಗ್ಲೇಬೇಕು. ಆ ಪುಣ್ಯಾತ್ಮ ಬರ್ದೆ ನನ್ ಮನೇಲಿ ಮದ್ವೆ ಎಂಗಾಯ್ತದ ನೋಡ್ತೀನಿ" ಎಂದಳು. ಅಪ್ಪ ಅದಕ್ಕಿಂತ ಗಟ್ಟಿ. "ಅವ್ರು ಬಂದ್ರ ನಾನು ಛತ್ರಕ್ ಬರ್ನಿಲ್ಲ ಅಂದ್ಕೊ" ಎಂದುಬಿಟ್ಟರು. ತಂಗಿ ಮದುಮಗಳ ಕಳೆಯೇ ಇಲ್ಲದೆ ಓಡಾಡುತ್ತಿದ್ದಳು. ಧಾರೆ ಎರೆಯುವ ಅಪ್ಪನೇ ಛತ್ರಕ್ಕೆ ಬರುವುದಿಲ್ಲ ಎನ್ನುವುದು ಮಾತಿಗೆ ಅಂದದ್ದಾದರೂ, ನಮ್ಮಪ್ಪ ಮಾತಿಗೆ ಅಂದದ್ದನ್ನೇ ಮಾಡಿ ತೋರಿಸುವ ಜನ.

ಆಷಾಢದಲ್ಲಿ ಗುಂಡ್ಲುಪೇಟೆಯ ಹೆದ್ದಾರಿಯ ಎರಡೂ ಕಡೆ ಸೂರ್ಯಕಾಂತಿ ಅರಳುತ್ತದೆ. ಅದನ್ನು ನೋಡಲು ಕೇರಳದಿಂದ ಕಾರುಗಟ್ಟಲೆ ಜನ ಬರುತ್ತಾರೆ. ನಮ್ಮವರಿಗೆ ಎಣ್ಣೆಯ ಕಾಳಾಗಿ ಕಾಣುವುದು ಅವರಿಗೆ ಹೂವಾಗಿ ಕಾಣುತ್ತದೆ, ಹಾಗಾಗಿ ನಮ್ಮವರು ಹೊಲಕ್ಕೆ ಹಗ್ಗ ಕಟ್ಟಿ, ಒಳಗೆ ಬಿಡಲು ದುಡ್ಡು ವಸೂಲಿ ಮಾಡುತ್ತಾರೆ. ಒಂದು ಶನಿವಾರ ನಾನು ಕಾರ್ಡು ಕೊಡಲು ಹೊರಟವಳು ಅಂಥದ್ದೊಂದು ಹೊಲದ ಮುಂದಿನ ಟೀ ಅಂಗಡಿಯಲ್ಲಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಮಲಯಾಳಿ ಹೆಂಗಸು. ಹೊಲದ ನಡುವೆ ತೆಗೆಸಿಕೊಂಡ ಫೋಟೋವನ್ನು ಊರಿಗೆ ಕಳಿಸಲು ನೋಡುತ್ತಿದ್ದಳು. ಫೋನನ್ನು ಮೇಲೆತ್ತಿದಳು, ಕೆಳಗಿಳಿಸಿದಳು, ಒಂದು ಸುತ್ತು ತಿರುಗಿದಳು. ಆಮೇಲೆ ನನ್ನ ಮುಖ ನೋಡಿ, ಬಹಳ ಸಭ್ಯವಾಗಿ, ಕೈಯಲ್ಲಿದ್ದ ನನ್ನ ಫೋನಿನ ಕಡೆ ಬೆರಳು ತೋರಿಸಿ ಕೇಳಿದಳು: "ನಿಂಗಳ್ಕ್ ರೇಂಜ್ ಉಂಡೋ?"

ನನಗೆ ರೇಂಜ್ ಇದೆಯೇ ಎಂದು! ಗುರುತಿಲ್ಲ, ಪರಿಚಯವಿಲ್ಲ, ಟೀ ಅಂಗಡಿಯ ಮುಂದೆ! ಬಾಯಿಗೆ ಬಂದ ಉತ್ತರ ಸರಿಯಾದದ್ದೇ ಇತ್ತು. ಅಷ್ಟರಲ್ಲಿ ಅವಳು ತನ್ನ ಫೋನಿನ ಮೂಲೆಯಲ್ಲಿ ಖಾಲಿ ಬಿದ್ದಿದ್ದ ಸಿಗ್ನಲ್ ಕಡ್ಡಿಗಳನ್ನು ತೋರಿಸಿ, "ಎನಿಕ್ಕ್ ರೇಂಜ್ ಇಲ್ಲ" ಎಂದಳು.

ಟೀ ಲೋಟ ನನ್ನ ಕೈಯಲ್ಲೇ ಉಳಿಯಿತು. ಎನಿಕ್ಕ್ ರೇಂಜ್ ಇಲ್ಲ. ನನಗೆ ಟವರ್ ಇಲ್ಲ. ಕಾಡಿನ ಈ ಕಡೆ ನಾವು ಟವರ್ ಎನ್ನುವುದನ್ನು ಆ ಕಡೆ ಅವರು ರೇಂಜ್ ಎನ್ನುತ್ತಾರೆ. ಲೇಟೆನ್ಸಿ, ಹ್ಯಾಂಡೋವರ್, ಪ್ಯಾಕೆಟ್ ಲಾಸ್ ಎಂದು ಮೂಟೆಗಳ ಮುಂದೆ ನಿಂತು ಅಷ್ಟು ಹೊತ್ತು ಕೊರೆದಿದ್ದೆನಲ್ಲ, ಈ ಎರಡಕ್ಷರದ ಪದ ಆ ಪಂಡಿತರ ಹಾಳೆಯಲ್ಲೂ ಇರಲಿಲ್ಲ, ನನ್ನ ಹಾಳೆಯಲ್ಲೂ ಇರಲಿಲ್ಲ. ಆ ಹೆಂಗಸಿಗೆ ಹಾಟ್‌ಸ್ಪಾಟ್ ಹಾಕಿಕೊಟ್ಟು, ಅವಳ ಸೂರ್ಯಕಾಂತಿಯನ್ನು ಕೇರಳಕ್ಕೆ ಸಾಗಹಾಕಿ, ಮಂಡಿಗೆ ಓಡಿದೆ.

ಅಪ್ಪ ಕೇಳಿಸಿಕೊಂಡರು. "ನಂಗ್ ಪಾಠ ಏಳ್ಬ್ಯಾಡ. ಅಷ್ಟು ವರ್ಷ ಅವ್ರ ಜೊತೆ ವ್ಯಾಪಾರ ಮಾಡೀನಿ, ನಂಗ್ ಗೊತ್ತಿಲ್ದಿರ ಪದ ನಿಂಗ್ ಟೀ ಅಂಗಡೀಲಿ ಸಿಕ್ಬುಡ್ತಾ?" ಎಂದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಎದುರಿನ ಪೆಟ್ರೋಲ್ ಬಂಕಿನ ಕಡೆ ನಡೆದರು. ಅಲ್ಲಿ ಒಂದು ಕೇರಳದ ಲಾರಿ ನಿಂತಿತ್ತು. ಅಪ್ಪ ಅದರ ಡ್ರೈವರನ್ನು, ಜಗಳಕ್ಕೆ ಕರೆಯುವ ಗತ್ತಿನಲ್ಲೇ, "ಏನ್ ಚೇಟಾ, ರೇಂಜ್ ಅದಾ?" ಎಂದು ಕೇಳಿದ್ದು ನನಗೆ ಮಂಡಿಯ ಜಗಲಿಗೇ ಕೇಳಿಸಿತು. ಅವನು ಸಿಟ್ಟಾಗಲಿಲ್ಲ. ಜೇಬಿನಿಂದ ಫೋನು ತೆಗೆದು, ನೋಡಿ, "ಉಂಡು, ಫುಲ್ ಉಂಡು" ಎಂದು ಅಪ್ಪನ ಕೈಗೇ ಕೊಟ್ಟ. ಮಾತಾಡಲು ಕೇಳುತ್ತಿದ್ದಾರೆ ಎಂದುಕೊಂಡಿರಬೇಕು.

ಅಪ್ಪ ಆ ಫೋನಿನ ಮೂಲೆಯ ಕಡ್ಡಿಗಳನ್ನು ಎಣಿಸುವವರಂತೆ ನೋಡಿ, ಅವನಿಗೆ ಮರಳಿಸಿದರು. ವಾಪಸು ಬಂದವರು ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ, "ಗಾಡಿ ತಗಿ. ಬತ್ತೇರಿಗ್ ಓಗನ" ಎಂದರು.

ಚೆಕ್‌ಪೋಸ್ಟಿನಲ್ಲಿ ಗಾಡಿ ನಿಂತಾಗ ಅವರ ಫೋನು ಇಸಿದುಕೊಂಡು ಚೇಟನ ನಂಬರಿನ ಬ್ಲಾಕ್ ತೆಗೆದೆ. ಅಪ್ಪ ಅದನ್ನೇ ನೋಡುತ್ತಿದ್ದರು.

"ಅಲ್ಲ ಕಣಮ್ಮಿ, ಬ್ಲಾಕ್ ಅಂದ್ರ ಬೆಲ್ಲೂ ಒಡ್ಯಾಕಿಲ್ವಾ?"

"ಇಲ್ಲ ಅಪ್ಪ. ಅವರು ಎಷ್ಟು ಸಲ ಮಾಡಿದರೂ ನಮಗೆ ಗೊತ್ತಾಗುವುದಿಲ್ಲ."

"ನಾನು ಬೆಲ್ ಒಡೀತದ, ಮಾತ್ ಬರಾಕಿಲ್ಲ ಅಂದ್ಕಂಡಿದ್ದಿ. ಅವ್ರು ಮಾಡ್ತಾ ಇರ್ಬೇಕು, ನಾನು ಎತ್ತದೆ ಕೂತಿರ್ಬೇಕು ಅಂತ. ಒಂದ್ ಸಲಾನೂ ಒಡೀನಿಲ್ಲ. ಮರ್ತೇಬುಟ್ರಲ್ಲ ಅಂತ..."

ಅಪ್ಪ ಕಿಟಕಿಯ ಕಡೆ ತಿರುಗಿಕೊಂಡರು. ವರ್ಷವಿಡೀ ಸಂಜೆ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದುದು ಇದಕ್ಕೆ. ಸಿಟ್ಟು ಮಾಡಿಕೊಳ್ಳಲೂ ಎದುರಿನಿಂದ ಒಂದು ಬೆಲ್ಲು ಬೇಕಿತ್ತು. ಗೇಟು ತೆಗೆದರು, ನಾನು ಗಾಡಿಯನ್ನು ಮುಂದೆ ಬಿಟ್ಟೆ.

ಬತ್ತೇರಿಯ ಮನೆಯಲ್ಲಿ ಚೇಟ ಮುಂಭಾಗದ ಕುರ್ಚಿಯಲ್ಲಿ, ಆಪರೇಷನ್ ಆದ ಮಂಡಿಯನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿಕೊಂಡು ಕೂತಿದ್ದರು. ಅಪ್ಪ ಅಂಗಳದಲ್ಲೇ ನಿಂತರು. ಕೈಯಲ್ಲಿ ಆ ದಪ್ಪ ಕಾರ್ಡು, ಹಣ್ಣಿನ ಚೀಲ. ದಾರಿಯುದ್ದಕ್ಕೂ ಕ್ಷಮೆಯ ಮಾತೇನನ್ನೋ ಹೊಂದಿಸಿಕೊಂಡು ಬಂದಿದ್ದರೆಂದು ಕಾಣುತ್ತದೆ, ತುಟಿ ಅಲ್ಲಾಡುತ್ತಿತ್ತು. ಅದನ್ನು ಹೇಳಲು ಚೇಟ ಬಿಡಲೇ ಇಲ್ಲ. ಗೋಡೆ ಹಿಡಿದುಕೊಂಡು ಎದ್ದು, ಇಡೀ ಕೇರಿಗೆ ಕೇಳುವಂತೆ ಕೂಗಿದರು:

"ಸಾವ್ಕಾರೇ! ಬಂದ್ರಾ! ಎಂಥ ಟವರ್ ಅದು ನಿಮ್ದು? ಒಂದು ವರ್ಷ ಆಯ್ತು! ಡೈಲಿ ಫೋನ್ ಮಾಡ್ತೇನೆ, ಒಂದು ಟೂಂಯ್, ಕಟ್ಟು. ಡೈಲಿ! ಡ್ರೈವರಿಗೆ ಕೇಳಿದ್ರೆ ಅವನೂ ಅದೇ ಹೇಳ್ತಾನೆ, ಸಾವ್ಕಾರ್ಗೆ ರೇಂಜ್ ಇಲ್ಲ, ರೇಂಜ್ ಇಲ್ಲ. ಪಾಪ, ಇಷ್ಟು ದೊಡ್ಡ ವ್ಯಾಪಾರ, ರೇಂಜ್ ಇಲ್ದೆ ಹೇಗೆ ಮಾಡ್ತಾರೆ ಅಂತ ನಂಗೆ ನಿದ್ದೆ ಇಲ್ಲ."

ಅಪ್ಪ ನನ್ನ ಕಡೆ ನೋಡಿದರು. ಖಾರ ಹಚ್ಚಿ ಹಚ್ಚಿ ಲಾರಿಗೆ ಹಾಕಿ ಕಳಿಸಿದ್ದ ಒಂದು ವರ್ಷದ ಸಿಟ್ಟು, ಕಾಡು ದಾಟುವಷ್ಟರಲ್ಲಿ ಸಿಗ್ನಲ್ ತೊಂದರೆಯಾಗಿ ಇಳಿದಿತ್ತು. ಈ ಮನುಷ್ಯನಿಗೆ ಜಗಳವಾಗಿದೆ ಎಂಬುದೇ ಗೊತ್ತಿರಲಿಲ್ಲ.

"ಮಗಳಿಗೆ ಕಲ್ಯಾಣ ಅಂತ ಡ್ರೈವರ್ ಹೇಳಿದ" ಎಂದು ಚೇಟ ಒಳಗೆ ಕೂಗಿ ಏನನ್ನೋ ತರಿಸಿದರು. ಚಿನ್ನದ ಅಂಚಿನ ಬಿಳಿ ಸೀರೆ, ಅಂಗಡಿಯ ಮಡಿಕೆ ಹಾಗೇ ಇತ್ತು. "ತೆಗೆದಿಟ್ಟೇನೆ. ಕಾರ್ಡು ಬರ್ಲಿ ಬಿಡ್ಲಿ, ನಾನು ಬರೋದೇ. ಆವತ್ತು ನೀವು ಏನೋ ಕೇಳಿದ್ರಿ, ಕೇಳ್ಸಲೇ ಇಲ್ಲ. ಎಂಥ ಕೇಳಿದ್ದು?"

ಅಪ್ಪ ಕಾರ್ಡನ್ನು ಅವರ ಕೈಯಲ್ಲಿಟ್ಟರು. ಕೈ ಬಿಡಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಒರೆಸಿಕೊಳ್ಳಲು ಕೈ ಬಿಡಬೇಕಾಗಿತ್ತು, ಬಿಡಲಿಲ್ಲ. "ಅದಾ? ಎಣ್ಣು ಕೊಡನಾ ಬ್ಯಾಡ್ವಾ ಅಂತ ಕೇಳುದ್ದಿ. ಕೊಟ್ಬುಟ್ಟೆ ಚೇಟಾ" ಎಂದರು.

"ನಲ್ಲದು, ಒಳ್ಳೇದು. ಈಗ ರೇಂಜ್ ಬಂತಾ?"

"ಬಂತು. ಇವತ್ತೇ ಬಂತು."

"ಆ ಟವರ್ ಕಂಪ್ನಿಯವ್ರನ್ನ ಬಿಡ್ಬೇಡಿ ಸಾವ್ಕಾರೇ. ಕಂಪ್ಲೇಂಟ್ ಕೊಡಿ. ಒಂದು ವರ್ಷ ಹೀಗೆ ಮಾಡೋದಾ?"

"ಅವ್ರನ್ನ ಬಯ್ಬ್ಯಾಡಿ ಚೇಟಾ" ಎಂದರು ಅಪ್ಪ. "ನಮ್ ಗೋಡೆನೇ ವಸಿ ದಪ್ಪ."